ಪಿಯಾನೋ ಬಿಟ್ಟು ಪಟ್ಟಕ್ಕೆ ಕೂತವರು: ಜಯಚಾಮರಾಜ ಒಡೆಯರ್

ಸಿಇಟಿ ಕೌನ್ಸೆಲಿಂಗ್ ಹೊತ್ತಲ್ಲಿ ಕಾಲೇಜುಗಳ ಪಟ್ಟಿ ಹಿಡ್ಕೊಂಡು ಕೂತವರಿಗೆಲ್ಲ ಎಸ್‌ಜೆಸಿಇ ಅನ್ನೋ ನಾಲ್ಕು ಅಕ್ಷರ ಗೊತ್ತು. ಮೈಸೂರಿನಲ್ಲಿ 1963ರಲ್ಲಿ ಶುರುವಾದ ಕಾಲೇಜು. ಆ ಅಕ್ಷರಗಳ ಹಿಂದೆ ಜಯಚಾಮರಾಜೇಂದ್ರ ಅನ್ನೋ ಹೆಸರಿದೆ, ಮೈಸೂರಿನ ಕೊನೆಯ ಮಹಾರಾಜರದ್ದು. ನಮ್ಮಲ್ಲಿ ಹೆಚ್ಚಿನವರ ಪರಿಚಯ ಅಲ್ಲಿಗೇ ಮುಗೀತಿತ್ತು. ಈ ಸಲ ಅವರ ಬಗ್ಗೆ ಬರೆಯೋಕೆ ಕಾರಣ ಆಗಿದ್ದು ನಮ್ಮ ಸಂಘದೊಳಗಿನ ಒಂದು ಜಗಳ.

ವಿಷಯ ಇಷ್ಟೆ. ರಾಜ್ಯೋತ್ಸವಕ್ಕೆ ಭಾವಗೀತೆಗಳ ಜತೆ ಡ್ವೊರಾಕ್‌ನ ನ್ಯೂ ವರ್ಲ್ಡ್ ಸಿಂಫನಿಯ ನಿಧಾನಗತಿಯ ಭಾಗವನ್ನೂ ನುಡಿಸೋಣ ಅಂತ ನಾವು ಒಂಬತ್ತು ಜನ ಹೊರಟಿದ್ವಿ. ಎರಡು ಪಿಟೀಲು, ಒಂದು ಕೊಳಲು, ಕೀಬೋರ್ಡು, ಗಿಟಾರು, ಸಂಘದ ಹಳೇ ಹಾರ್ಮೋನಿಯಂ, ಹೀಗೆ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ನಮ್ಮ ಗೆಳೆಯನ ಮನೆ ಮಹಡಿಯಲ್ಲಿ ಅಭ್ಯಾಸ. ಅರವತ್ತು ಎಪ್ಪತ್ತು ಜನ ನುಡಿಸೋದನ್ನ ಒಂಬತ್ತು ಜನ ನುಡಿಸಿದರೆ ಅದು ಸಿಂಫನಿ ಹೇಗಾಗತ್ತೆ ಅನ್ನೋದು ಒಂದು ತಕರಾರು. ಕನ್ನಡ ಸಂಘಕ್ಕೂ ಇದಕ್ಕೂ ಏನು ಸಂಬಂಧ ಅನ್ನೋದು ಎರಡನೇದು, ಸ್ವಲ್ಪ ಖಾರದ್ದು. ಎರಡಕ್ಕೂ ಉತ್ತರ ಹುಡುಕ್ತಾ ಹೋದಾಗ ಸಿಕ್ಕವರು ಒಡೆಯರ್.

ಅವರು ಹುಟ್ಟಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್, ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರ್. ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಕುಲುಮೆ ಹತ್ತಿದಾಗ ಇವರಿನ್ನೂ ಪುಟ್ಟ ಮಗು. ಆ ಕಾರ್ಖಾನೆಯನ್ನು ಕಟ್ಟಿಸಿದ ದೊಡ್ಡಪ್ಪನೇ ಅರಮನೆಯಲ್ಲಿ ಎರಡು ವಾದ್ಯವೃಂದ ಇಟ್ಟಿದ್ದರು: ಒಂದು ಕರ್ನಾಟಕ ಸಂಗೀತದ್ದು, ಇನ್ನೊಂದು ಪಾಶ್ಚಾತ್ಯ. ಎರಡನೆಯದನ್ನ ನಡೆಸೋಕೆ ಒಟ್ಟೊ ಷ್ಮಿಟ್ ಅನ್ನೋ ಜರ್ಮನ್ ಸಂಗೀತಗಾರ ಇದ್ದರು. ಇವತ್ತು ದಸರಾದಲ್ಲಿ ಪೊಲೀಸ್ ಬ್ಯಾಂಡ್ ನುಡಿಸೋದನ್ನ ಕೇಳ್ತೀವಲ್ಲ, ಅದರ ಬೇರು ಅಲ್ಲಿದೆ. ವೀಣೆ ಒಂದು ಕೋಣೆಯಲ್ಲಿ, ಪಿಯಾನೋ ಪಕ್ಕದ ಕೋಣೆಯಲ್ಲಿ. ಅಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಎರಡರಲ್ಲಿ ಯಾವುದು ನಮ್ಮದು ಅನ್ನೋ ಪ್ರಶ್ನೆ ಹುಟ್ಟೋದೇ ಕಷ್ಟ.

ಹುಡುಗ ಪಿಯಾನೋ ಹಿಡಿದ. ಹವ್ಯಾಸಕ್ಕೆ ಅಲ್ಲ, ವೇದಿಕೆಯ ಮೇಲೆ ನುಡಿಸೋ ಕಲಾವಿದ ಆಗಬೇಕು ಅಂತ. 1938ರಲ್ಲಿ ಮಹಾರಾಜ ಕಾಲೇಜಿನಿಂದ ಚಿನ್ನದ ಪದಕಗಳ ಜತೆ ಪದವಿ ಬಂತು. 1939ರಲ್ಲಿ ಯುರೋಪ್ ಪ್ರವಾಸವೂ ಆಯ್ತು. ಆಮೇಲೆ 1940. ಮಾರ್ಚಿನಲ್ಲಿ ತಂದೆ ತೀರಿಕೊಂಡರು, ಆಗಸ್ಟ್ 3ಕ್ಕೆ ದೊಡ್ಡಪ್ಪ. ಸೆಪ್ಟೆಂಬರಿನಲ್ಲಿ 21 ವರ್ಷದ ಹುಡುಗನಿಗೆ ಪಟ್ಟ. ಪಿಯಾನೋ ವಾದಕನ ಕನಸು ಆರೇ ತಿಂಗಳಲ್ಲಿ ಮುಗಿದುಹೋಯ್ತು. ಪ್ಲೇಸ್‌ಮೆಂಟ್ ಆಫರ್ ಕೈಲಿ ಹಿಡ್ಕೊಂಡು ಮನೆಯ ಅಂಗಡಿ ನೋಡಿಕೊಳ್ಳೋಕೆ ವಾಪಸ್ ಹೋದ ನಮ್ಮ ಸೀನಿಯರ್ ಒಬ್ಬರು ಈ ಭಾಗ ಓದಿ ತುಂಬಾ ಹೊತ್ತು ಸುಮ್ಮನಿದ್ದರು.

ಪರೀಕ್ಷೆಗಳನ್ನಂತೂ ಬಿಡಲಿಲ್ಲ. ರಾಜ್ಯ ಆಳ್ತಾನೇ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು. ಅದೇ ವರ್ಷ ಟ್ರಿನಿಟಿ ಕಾಲೇಜಿನವರು ಗೌರವ ಫೆಲೋ ಮಾಡಿದರು.

ಈಗ ನಮ್ಮ ಮೊದಲ ತಕರಾರಿಗೆ ಬರೋಣ. ಮೈಸೂರಿನಲ್ಲಿ ಪೂರ್ತಿ ಗಾತ್ರದ ಸಿಂಫನಿ ಆರ್ಕೆಸ್ಟ್ರಾ ಇರಲಿಲ್ಲ. ಹಾಗಾದರೆ ಒಡೆಯರ್ ಅಷ್ಟೊಂದು ಸಿಂಫನಿ ಕೇಳಿದ್ದು ಹೇಗೆ? ಗ್ರಾಮೊಫೋನ್ ತಟ್ಟೆಗಳಲ್ಲಿ. ಅವರ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವು. ನಿಮಿಷಕ್ಕೆ 78 ಸುತ್ತು ತಿರುಗೋ 12 ಇಂಚಿನ ತಟ್ಟೆಯ ಒಂದು ಬದಿಗೆ ನಾಲ್ಕರಿಂದ ಐದು ನಿಮಿಷ ಸಂಗೀತ. ಅಂದ್ರೆ 40 ನಿಮಿಷದ ಸಿಂಫನಿಗೆ ಎಂಟು ಹತ್ತು ಬದಿ. ರಾಗ ಮೇಲೇರ್ತಾ ಇರೋವಾಗಲೇ ತಟ್ಟೆ ಮುಗಿಯತ್ತೆ, ಎದ್ದು ಮಗುಚಬೇಕು.

ಅದಕ್ಕೂ ಹಿಂದಿನ ಕತೆ ಇನ್ನೂ ಮಜಾ ಇದೆ. 1925ರ ಸುಮಾರಿಗೆ ವಿದ್ಯುತ್ ಮೈಕು ಬರೋ ಮುಂಚೆ ವಾದಕರೆಲ್ಲ ಒಂದು ದೊಡ್ಡ ಕಹಳೆಯ ಬಾಯಿಗೆ ಮುಖ ಮಾಡಿ ಒತ್ತೊತ್ತಾಗಿ ಕೂರಬೇಕಿತ್ತು. ಅರವತ್ತು ಜನ ಅಲ್ಲಿ ಹಿಡಿಸಲ್ಲ. ಹಾಗಾಗಿ ಬೇಥೋವನ್ ಆದರೂ ಸರಿ, ಜನರನ್ನ ಕಡಿಮೆ ಮಾಡೋದು. ಡಬಲ್ ಬಾಸಿನ ದನಿ ಕಹಳೆಗೆ ನಿಲುಕದೆ ಇದ್ದಾಗ ಆ ಸ್ವರಗಳನ್ನ ಟ್ಯೂಬಾಗೆ ಕೊಡೋದು. ಪಿಟೀಲಿಗೆ ಮರದ ಒಡಲು ತೆಗೆದು, ಪೊರೆ ಮತ್ತು ತಗಡಿನ ಕೊಂಬು ಜೋಡಿಸಿದ ಸ್ಟ್ರೋ ಪಿಟೀಲು ಅಂತಲೇ ಒಂದು ಬಂದಿತ್ತು. ಅಂದ್ರೆ ದೊಡ್ಡ ಕೃತಿಯನ್ನ ಸಣ್ಣ ಮೇಳಕ್ಕೆ ಇಳಿಸೋದು ನಮ್ಮ ಮಹಡಿಯಲ್ಲಿ ಹುಟ್ಟಿದ ಪಾಪ ಅಲ್ಲ. ವಿಯೆನ್ನಾದಲ್ಲಿ ಷೋನ್‌ಬರ್ಗ್ 1918ರಲ್ಲಿ ಕಟ್ಟಿದ ಖಾಸಗಿ ಸಂಗೀತ ಸಂಘದ ಹತ್ತಿರವೂ ದೊಡ್ಡ ಆರ್ಕೆಸ್ಟ್ರಾಕ್ಕೆ ದುಡ್ಡಿರಲಿಲ್ಲ. ಮಾಹ್ಲರ್‌ನ ನಾಲ್ಕನೇ ಸಿಂಫನಿಯನ್ನ 1921ರಲ್ಲಿ ಎರ್ವಿನ್ ಸ್ಟೈನ್ ಬೆರಳೆಣಿಕೆಯ ವಾದಕರಿಗೆ ಇಳಿಸಿದರು. ಊದುವಾದ್ಯಗಳ ಜಾಗ ತುಂಬಿಸಿದ್ದು ಯಾವುದು ಗೊತ್ತಾ? ಹಾರ್ಮೋನಿಯಂ! ಇದು ಗೊತ್ತಾದ ದಿನ ನಮ್ಮ ಹಾರ್ಮೋನಿಯಂನವನ ನಡಿಗೆಯೇ ಬದಲಾಯ್ತು.

ಒಡೆಯರ್ ಹೋದ ದಾರಿ ಇದರ ತದ್ವಿರುದ್ಧ. ಮೇಳವನ್ನ ಸಣ್ಣದು ಮಾಡೋ ಬದಲು, ದೂರದ ದೊಡ್ಡ ಮೇಳಕ್ಕೆ ದುಡ್ಡು ಕೊಟ್ಟು ತಟ್ಟೆಯಲ್ಲಿ ತರಿಸಿಕೊಂಡರು. ನಿಕೊಲಾಯ್ ಮೆಟ್ನರ್ ಅಂತ ರಷ್ಯದ ಸಂಗೀತ ರಚನಕಾರ, 1880ರಲ್ಲಿ ಹುಟ್ಟಿದವರು, ದೇಶ ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದರು. ಕಾಲ ಅವರನ್ನ ಹಿಂದೆ ಬಿಟ್ಟಿತ್ತು, ಆರೋಗ್ಯವೂ ಕೆಟ್ಟಿತ್ತು. ಮೈಸೂರಿನ ಅರಸರು ಮೆಟ್ನರ್ ಸೊಸೈಟಿಗೆ ಹಣ ಒದಗಿಸಿದರು. ಅವರ ಮೂರು ಪಿಯಾನೋ ಕನ್ಸರ್ಟೋಗಳನ್ನ ಅವರ ಕೈಯಲ್ಲೇ ನುಡಿಸಿ, ಲಂಡನ್ನಿನ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾದ ಜತೆ ಧ್ವನಿಮುದ್ರಣ ಮಾಡಿಸಿದರು. ಮೆಟ್ನರ್ ತಮ್ಮ ಮೂರನೇ ಕನ್ಸರ್ಟೋವನ್ನ ಮೈಸೂರಿನ ಮಹಾರಾಜರಿಗೆ ಅರ್ಪಿಸಿ 1951ರಲ್ಲಿ ತೀರಿಕೊಂಡರು. ಇವತ್ತು ನಾವು ಫೋನಿನಲ್ಲಿ ಆ ಮುದುಕರ ಬೆರಳು ಕೇಳಬಹುದು ಅಂದ್ರೆ ಅದಕ್ಕೆ ಮೈಸೂರಿನ ದುಡ್ಡು ಕಾರಣ.

ಫಿಲ್‌ಹಾರ್ಮೋನಿಯಾವನ್ನ 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೇ ಬಂದು ಹೋದರು. ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ಕೊಡ್ತೀನಿ ಅಂತ ಒಡೆಯರ್ ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆದರು. ಬಾಲಕಿರೆವ್‌ನ ಮೊದಲ ಸಿಂಫನಿಯಂಥ ಯಾರೂ ಮುಟ್ಟದ ಕೃತಿಯನ್ನ 1949ರಲ್ಲಿ ಕರಾಯನ್ ಕೈಲಿ ಮುದ್ರಿಸಿದ್ದು ಇವರ ಪ್ರತಿಷ್ಠಾನದ ನೆರವಿನಿಂದ. ಎಲ್ಲರೂ ಕೇಳೋದನ್ನಲ್ಲ, ಯಾರೂ ಕೇಳದೆ ಉಳಿದದ್ದನ್ನ ಆರಿಸಿಕೊಳ್ತಿದ್ದ ಈ ರುಚಿ ನಮಗೆ ಹಿಡಿಸಿತು.

ರಿಚರ್ಡ್ ಸ್ಟ್ರಾಸ್ 1949ರಲ್ಲಿ ತೀರಿಕೊಂಡಾಗ ದೊಡ್ಡ ವಾದ್ಯವೃಂದಕ್ಕೆ ಬರೆದ ನಾಲ್ಕು ಹಾಡು ಬಿಟ್ಟುಹೋಗಿದ್ದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವುಗಳ ಮೊದಲ ಪ್ರದರ್ಶನ ಆಯ್ತು. ಹಾಡಿದ್ದು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್, ನಡೆಸಿದ್ದು ಫುರ್ಟ್‌ವೆಂಗ್ಲರ್. ನಷ್ಟ ಆದರೆ ತುಂಬಿಕೊಡ್ತೀನಿ ಅಂತ ಹಣದ ಭರವಸೆ ಕೊಟ್ಟವರು ಒಡೆಯರ್. ಅವರಿಗೆ ಹೋಗೋಕಾಗಲಿಲ್ಲ. ಅವರಿಗಾಗಿಯೇ ತಟ್ಟೆಯಲ್ಲಿ ಮುದ್ರಿಸಿ ಮೈಸೂರಿಗೆ ಕಳಿಸಿದರು. ಈಗ ಸಿಗೋ ಪ್ರತಿಯಲ್ಲಿ ಸವೆದ ತಟ್ಟೆಯ ಕರಕರ ಜಾಸ್ತಿ. ಆದರೂ ಕಿವಿಗೊಟ್ಟು ಕೇಳಿ, ಇಯರ್‌ಫೋನ್ ಹಾಕ್ಕೊಂಡು.

ಎರಡನೇ ತಕರಾರು ಅಷ್ಟು ಸುಲಭ ಅಲ್ಲ. ನಮ್ಮ ಜಿಲ್ಲೆಯ ಶಿಕಾರಿಪುರದ ಈಸೂರು 1942ರಲ್ಲಿ ತಾನು ಸ್ವತಂತ್ರ ಅಂತ ಸಾರಿಕೊಂಡಿತು. ಗಲಭೆಯಲ್ಲಿ ಅಧಿಕಾರಿಗಳು ಸತ್ತರು, 1943ರ ಮಾರ್ಚಿನಲ್ಲಿ ಊರಿನ ಐವರನ್ನ ಗಲ್ಲಿಗೇರಿಸಿದರು. ಆಗ ಗದ್ದುಗೆಯಲ್ಲಿದ್ದವರು ಇದೇ ಒಡೆಯರ್. ಈಸೂರಿನ ಕಡೆಯಿಂದ ಬರೋ ನಮ್ಮ ಗೆಳತಿ ಸಭೆಯಲ್ಲಿ ಇದನ್ನ ಎತ್ತಿದಾಗ ಸಂಗೀತದ ಮಾತಾಡ್ತಿದ್ದ ನಮಗೆಲ್ಲ ಬಾಯಿ ಕಟ್ಟಿತು. ಈ ರಾಜ್ಯದ ಹಣ ಲಂಡನ್ನಿಗೆ ಯಾಕೆ ಹೋಗಬೇಕಿತ್ತು ಅಂತ ಅವಳು ಕೇಳಿದ್ದು ತಪ್ಪಲ್ಲ. ಭದ್ರಾವತಿಯ ಗೆಳೆಯ, ಅವನ ಅಜ್ಜ ಕಾರ್ಖಾನೆಯಲ್ಲಿ ದುಡಿದವರು, ಬೇರೆ ಲೆಕ್ಕ ಇಟ್ಟ: ಅದೇ ಆಳ್ವಿಕೆಯಲ್ಲೇ 1948ರಲ್ಲಿ ಜೋಗದ ವಿದ್ಯುತ್ ಹರಿಯಿತಲ್ಲ ಅಂತ. ನಮಗೆ ಅನಿಸೋದು, ಜೋಗದ ಕರೆಂಟು ಈಸೂರಿನ ಲೆಕ್ಕ ಚುಕ್ತಾ ಮಾಡಲ್ಲ. ಮೆಟ್ನರ್ ತಟ್ಟೆಗಳೂ ಮಾಡಲ್ಲ. ಎರಡನ್ನೂ ಒಂದೇ ಲೇಖನದಲ್ಲಿ ಬರೆಯೋದಷ್ಟೇ ನಮ್ಮ ಕೈಲಾಗೋದು.

ಪಾಶ್ಚಾತ್ಯ ಸಂಗೀತದ ಹುಚ್ಚಲ್ಲಿ ಇಲ್ಲಿನದನ್ನ ಮರೆತರು ಅನ್ನೋದು ಮಾತ್ರ ಸುಳ್ಳು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು, ಅವೂ ಹೆಚ್ಚಾಗಿ ಮೆಟ್ನರ್ ಬೆನ್ನು ಹತ್ತಿದ್ದ ಅದೇ ವರ್ಷಗಳಲ್ಲಿ. ಅವರ ಆಸ್ಥಾನದ ಪಿಟೀಲು ಚೌಡಯ್ಯನವರು, ಮೈಕಿಲ್ಲದ ಸಭೆಯಲ್ಲಿ ಕೊನೇ ಸಾಲಿಗೂ ಕೇಳಲಿ ಅಂತ ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದವರು. ಸಣ್ಣ ವಾದ್ಯದಿಂದ ದೊಡ್ಡ ಸಭಾಂಗಣ ತುಂಬಿಸೋ ಸಮಸ್ಯೆಗೆ ಇದಕ್ಕಿಂತ ಒಳ್ಳೇ ಇಂಜಿನಿಯರಿಂಗ್ ಉತ್ತರ ನಮಗಂತೂ ಸಿಕ್ಕಿಲ್ಲ.

1947ರ ಆಗಸ್ಟ್‌ನಲ್ಲಿ ಒಡೆಯರ್ ಭಾರತ ಒಕ್ಕೂಟಕ್ಕೆ ಸಹಿ ಹಾಕಿದರು. ಜವಾಬ್ದಾರಿ ಸರ್ಕಾರಕ್ಕೆ ಮೈಸೂರು ಚಲೋ ಚಳವಳಿಯೇ ನಡೆಯಬೇಕಾಯ್ತು. 1950ರಿಂದ ರಾಜಪ್ರಮುಖ, 1956ರಿಂದ ಮೈಸೂರಿನ ರಾಜ್ಯಪಾಲ, 1964ರಿಂದ 66ರವರೆಗೆ ಮದರಾಸಿನಲ್ಲಿ. ಕೈಗೆ ಬರ್ತಿದ್ದದ್ದು ಈಗ ವರ್ಷಕ್ಕೆ 26 ಲಕ್ಷದ ರಾಜಧನ. ಲಂಡನ್ನಿಗೆ ಹೋಗ್ತಿದ್ದ ಹಣ ನಿಂತಿತು. ಫಿಲ್‌ಹಾರ್ಮೋನಿಯಾ ಅಷ್ಟರಲ್ಲಿ ತನ್ನ ಕಾಲ ಮೇಲೆ ನಿಂತಿತ್ತು. 1971ರಲ್ಲಿ ರಾಜಧನವೂ ರದ್ದಾಯ್ತು. 1974ರ ಸೆಪ್ಟೆಂಬರ್ 23ರಂದು ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 55 ವರ್ಷ.

ಡ್ವೊರಾಕ್ ಕಾರ್ಯಕ್ರಮದಲ್ಲಿ ಉಳಿದಿದೆ. ಅದರ ಮುಂಚೆ ಈಸೂರಿನ ಬಗ್ಗೆ ಹತ್ತು ನಿಮಿಷ ಗೆಳತಿ ಮಾತಾಡ್ತಾಳೆ, ಅದು ಅವಳ ಷರತ್ತು, ನಾವು ಒಪ್ಪಿದ್ದೀವಿ. ಇಂಗ್ಲಿಷ್ ಹಾರ್ನ್ ನುಡಿಸಬೇಕಾದ ಆ ಪ್ರಸಿದ್ಧ ರಾಗ ಕೊಳಲಿಗೆ ಹೋಗಿದೆ, ಹಿತ್ತಾಳೆ ವಾದ್ಯಗಳ ಮೊದಲ ಸಾಲು ಹಾರ್ಮೋನಿಯಂಗೆ. ಹಾರ್ಮೋನಿಯಂನ ಒಂದು ರೀಡು ಎಳೆದರೂ ಉಸಿರು ಬಿಡ್ತಿಲ್ಲ. ಗಾಂಧಿ ಬಜಾರಿನ ಕಡೆ ರಿಪೇರಿ ಮಾಡೋರು ಯಾರಾದ್ರೂ ಗೊತ್ತಿದ್ರೆ ಭಾನುವಾರದೊಳಗೆ ತಿಳಿಸಿ.