ಅಲಿಸ್ಟರ್ ಹಾರ್ಡಿ

ಸರ್ ಅಲಿಸ್ಟರ್ ಕ್ಲೇವರಿಂಗ್ ಹಾರ್ಡಿ (10 ಫೆಬ್ರವರಿ 1896 – 22 ಮೇ 1985) ಇಂಗ್ಲೆಂಡಿನ ಸಾಗರ ಜೀವವಿಜ್ಞಾನಿ. ಸಮುದ್ರದಲ್ಲಿ ತೇಲುವ ಸೂಕ್ಷ್ಮ ಸಸ್ಯ ಮತ್ತು ಪ್ರಾಣಿಗಳಾದ ಪ್ಲವಕಗಳನ್ನು, ಸಾಗುತ್ತಿರುವ ಹಡಗಿನಿಂದಲೇ ಎಡೆಬಿಡದೆ ಸಂಗ್ರಹಿಸುವ ‘ಪ್ಲಾಂಕ್ಟನ್ ರೆಕಾರ್ಡರ್’ ಉಪಕರಣವನ್ನು ಇವರು ರೂಪಿಸಿದರು.

ಜನನ ಮತ್ತು ವೃತ್ತಿಜೀವನ

ಹಾರ್ಡಿಯವರು ನಾಟಿಂಗ್‌ಹ್ಯಾಮ್‌ನಲ್ಲಿ ಜನಿಸಿದರು. ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನಲ್ಲಿ ಆರಂಭಿಸಿದ ವ್ಯಾಸಂಗವು ಮೊದಲನೆಯ ಮಹಾಯುದ್ಧದಿಂದ ನಿಂತುಹೋಯಿತು. ಸೇನಾಸೇವೆಯ ಬಳಿಕ ಅದನ್ನು ಪೂರ್ಣಗೊಳಿಸಿ, 1921ರಲ್ಲಿ ಲೋಸ್ಟಾಫ್ಟ್‌ನ ಮೀನುಗಾರಿಕಾ ಪ್ರಯೋಗಾಲಯವನ್ನು ಸೇರಿದರು. ಉತ್ತರ ಸಮುದ್ರದ ಹೆರಿಂಗ್ ಮೀನಿನ ಆಹಾರವನ್ನು ಅಲ್ಲಿ ಅಧ್ಯಯನ ಮಾಡಿ, ಪ್ಲವಕಗಳ ಏರಿಳಿತಕ್ಕೂ ಮೀನುಗಾರರ ಬದುಕಿಗೂ ಇರುವ ನಂಟನ್ನು ಕಂಡುಕೊಂಡರು.

1925ರಿಂದ 1927ರವರೆಗೆ ‘ಡಿಸ್ಕವರಿ’ ಹಡಗಿನ ದಕ್ಷಿಣ ಸಾಗರ ಯಾತ್ರೆಯಲ್ಲಿ ಮುಖ್ಯ ಪ್ರಾಣಿವಿಜ್ಞಾನಿಯಾಗಿದ್ದರು. ಮುಂದೆ ಹಲ್, ಅಬರ್ಡೀನ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಪ್ರಾಧ್ಯಾಪಕರಾದರು.

ಪ್ಲಾಂಕ್ಟನ್ ರೆಕಾರ್ಡರ್

ಪ್ಲವಕಗಳು ಸಮುದ್ರದಲ್ಲಿ ಸಮನಾಗಿ ಹರಡಿರುವುದಿಲ್ಲ. ಒಂದೆಡೆ ದಟ್ಟವಾಗಿ, ಮತ್ತೊಂದೆಡೆ ವಿರಳವಾಗಿರುತ್ತವೆ. ಹಡಗನ್ನು ಅಲ್ಲಲ್ಲಿ ನಿಲ್ಲಿಸಿ ಬಲೆ ಇಳಿಸಿದರೆ ನಡುವಿನ ಸ್ಥಿತಿ ತಿಳಿಯುವುದಿಲ್ಲ. ಈ ಕೊರತೆಯನ್ನು ನೀಗಿಸಲು ಹಾರ್ಡಿಯವರು ‘ಡಿಸ್ಕವರಿ’ ಯಾತ್ರೆಗಾಗಿಯೇ ರೆಕಾರ್ಡರಿನ ಮೊದಲ ರೂಪವನ್ನು ಸಿದ್ಧಪಡಿಸಿದರು.

ಹಡಗಿನ ಹಿಂದೆ ಎಳೆಯಲ್ಪಡುವ ಈ ಉಪಕರಣದ ಮೂತಿಯಲ್ಲಿ 1.27 ಸೆಂಟಿಮೀಟರ್ ಚೌಕದ ಕಿಂಡಿಯಿದೆ. ಒಳಹೊಕ್ಕ ನೀರು ರೇಷ್ಮೆಯ ಜಾಲರಿಯ ಮೂಲಕ ಸೋಸಿಹೋಗುತ್ತದೆ. ಪ್ಲವಕಗಳು ಜಾಲರಿಯ ಮೇಲೆ ಉಳಿಯುತ್ತವೆ. ನೀರಿನ ರಭಸಕ್ಕೆ ತಿರುಗುವ ಹಿಂಬದಿಯ ಪ್ರೊಪೆಲ್ಲರ್ ಜಾಲರಿಯನ್ನು ನಿಧಾನವಾಗಿ ಮುಂದೆ ಸರಿಸುತ್ತದೆ. ಇನ್ನೊಂದು ರೇಷ್ಮೆಪಟ್ಟಿ ಮೇಲೆ ಮುಚ್ಚಿಕೊಳ್ಳುತ್ತದೆ. ಎರಡೂ ಸುರುಳಿಯಾಗಿ ಫಾರ್ಮಲಿನ್ ತೊಟ್ಟಿಯನ್ನು ಸೇರುತ್ತವೆ. ಪ್ರಯೋಗಾಲಯದಲ್ಲಿ ಸುರುಳಿಯನ್ನು 10 ನಾಟಿಕಲ್ ಮೈಲಿಗೆ ಒಂದರಂತೆ ತುಂಡರಿಸಿ, ಸೂಕ್ಷ್ಮದರ್ಶಕದಡಿ ಜೀವಿಗಳನ್ನು ಗುರುತಿಸಿ ಎಣಿಸುತ್ತಾರೆ. ರೇಷ್ಮೆಯ ಹಸಿರು ಬಣ್ಣದ ಗಾಢತೆಯು ಸಸ್ಯಪ್ಲವಕಗಳ ಪ್ರಮಾಣವನ್ನು ಸೂಚಿಸುತ್ತದೆ. ಲೋಳೆಮೀನಿನಂತಹ ಮೃದು ಜೀವಿಗಳು ಜಜ್ಜಿಹೋಗುವುದು ಈ ವಿಧಾನದ ಮಿತಿ.

ಉಪಕರಣವನ್ನು ಎಳೆಯಲು ವಿಶೇಷ ಸಂಶೋಧನಾ ನೌಕೆ ಬೇಕಿರಲಿಲ್ಲ. ಆದ್ದರಿಂದ 1931ರಲ್ಲಿ ಹಾರ್ಡಿಯವರು ಹಲ್ ನಗರದಿಂದ, ಸಾಮಾನ್ಯ ವಾಣಿಜ್ಯ ಹಡಗುಗಳ ನೆರವಿನಿಂದಲೇ ಉತ್ತರ ಸಮುದ್ರದ ಸಮೀಕ್ಷೆಯನ್ನು ಆರಂಭಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸ್ಥಗಿತಗೊಂಡ ಈ ಕಾರ್ಯ 1946ರಲ್ಲಿ ಪುನರಾರಂಭವಾಯಿತು.

ಗೌರವಗಳು ಮತ್ತು ಕೊನೆಯ ದಿನಗಳು

1940ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1957ರಲ್ಲಿ ‘ಸರ್’ ಪದವಿ ದೊರೆತವು. ನಿವೃತ್ತಿಯ ನಂತರ 1969ರಲ್ಲಿ ಧಾರ್ಮಿಕ ಅನುಭವಗಳ ಸಂಶೋಧನಾ ಘಟಕವನ್ನು ಸ್ಥಾಪಿಸಿದರು. 1985ರಲ್ಲಿ ಟೆಂಪಲ್‌ಟನ್ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರ್ಷ ನಿಧನರಾದರು.

ಕೊಡುಗೆಯ ಮಹತ್ವ

ಮೀನುಗಾರಿಕೆಗೆ ನೆರವಾಗಲೆಂದು ತೊಡಗಿದ ಸಮೀಕ್ಷೆಯು ಇಂದು ಪ್ಲಿಮತ್‌ನಿಂದ ಮುಂದುವರಿದಿದೆ. ಬೆಚ್ಚನೆಯ ನೀರಿನ ಪ್ರಾಣಿಪ್ಲವಕಗಳು ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಸುಮಾರು 40 ವರ್ಷಗಳಲ್ಲಿ 10 ಅಕ್ಷಾಂಶಗಳಷ್ಟು ಉತ್ತರಕ್ಕೆ ಸರಿದಿರುವುದು ಈ ದಾಖಲೆಗಳಿಂದ ತಿಳಿದುಬಂದಿತು. ಕಾಯ್ದಿರಿಸಿದ ಹಳೆಯ ಮಾದರಿಗಳಲ್ಲಿ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳೂ ಪತ್ತೆಯಾಗಿವೆ.