ಇಂದಿನ ಚಿಂತನೆ: ಹಿಮದ ಬೆಟ್ಟ ದಾಟಿದ ಭಿಕ್ಷು



ವರದಾ ದಂಡೆಯ ಬೆಳಗಿನ ಚಳಿಗೇ ಕೌದಿ ಬಿಟ್ಟು ಏಳದ ನನಗೆ ಇಂದು ಚೀನಾದ ಭಿಕ್ಷು ಹ್ಯೂಯೆನ್ ತ್ಸಾಂಗ್ ನೆನಪಾದರು. ಶಾಲೆಯಲ್ಲಿ ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಓದಿದ ಅದೇ ಯಾತ್ರಿಕರು.

ತಮ್ಮ ನಾಡಿನ ಧಮ್ಮಗ್ರಂಥಗಳ ಅನುವಾದಗಳು ಒಂದಕ್ಕೊಂದು ಹೊಂದದಿದ್ದಾಗ ಅವರು ಯಾರೋ ಹೇಳಿದ್ದನ್ನು ನಂಬಿ ಕೂರಲಿಲ್ಲ. ಮೂಲವನ್ನೇ ಓದಬೇಕೆಂದು, ಅರಸನ ಅಪ್ಪಣೆ ಇಲ್ಲದಿದ್ದರೂ, ಸುಮಾರು 629ರಲ್ಲಿ ಭಾರತಕ್ಕೆ ಹೊರಟರು. ದಾರಿಗೆ ತಿಯಾನ್ ಶಾನ್ ಪರ್ವತ ಅಡ್ಡವಾಯಿತು. ಬಂಡೆ, ಹಿಮದ ನಡುವೆ ಏಳು ದಿನ ಹತ್ತಿ ಇಳಿದರು. ಒಣ ನೆಲವೇ ಇಲ್ಲ. ಪಾತ್ರೆ ತೂಗುಹಾಕಿ ಅಡುಗೆ, ಹಿಮದ ಮೇಲೇ ನಿದ್ದೆ. ಜೊತೆಗಿದ್ದವರಲ್ಲಿ ಹತ್ತಕ್ಕೆ ಮೂರ್ನಾಲ್ಕು ಮಂದಿ ಹಸಿವು, ಚಳಿಗೆ ಸತ್ತರು.

ಅವರು ನಳಂದದಲ್ಲಿ ಕಲಿತು, ಪುಲಿಕೇಶಿಯ ರಾಜ್ಯವನ್ನೂ ಕಂಡು, 645ರಲ್ಲಿ 657 ಗ್ರಂಥಗಳೊಂದಿಗೆ ಮರಳಿದರು. 664ರಲ್ಲಿ ತೀರಿಕೊಳ್ಳುವವರೆಗೂ ಅನುವಾದದ ಕೆಲಸ ಬಿಡಲಿಲ್ಲ.

ನನ್ನನ್ನು ಕಾಡುವವರು ಆ ಹಿಮದಲ್ಲೇ ಉಳಿದವರು. ಅವರ ಹೆಸರು ನಮಗೆ ಗೊತ್ತಿಲ್ಲ. ಅವರಿಗೂ ನನ್ನ ವಂದನೆ.

ಬಾಬಾಸಾಹೇಬರು ಕಾಯಿಲೆಯಲ್ಲೂ ಬರೆದು ಮುಗಿಸಿದ ‘ಬುದ್ಧ ಮತ್ತು ಆತನ ಧಮ್ಮ’ ನನ್ನ ಮನೆಯ ಕಪಾಟಿನಲ್ಲೇ ಇದೆ. ಅದನ್ನು ತೆಗೆಯಲು ಯಾವ ಬೆಟ್ಟವನ್ನೂ ಹತ್ತಬೇಕಿಲ್ಲ. ಇಂದು ಹತ್ತು ಪುಟ ಓದುತ್ತೇನೆ. ನೀವೂ ಓದಿ.

ಅಧ್ಯಯನ ಬಳಗ, ಹೊಸರಿತ್ತಿ