ಒಂಟಿ ಎಂಜಿನ್ ನಂಬಿ ಹಾರಿದ ಜೆ.ಆರ್.ಡಿ.

ದೇಶದ ಮೊದಲ ನಿಯಮಿತ ವಿಮಾನಯಾನ ಸೇವೆಯ ನಕ್ಷೆಯಲ್ಲಿ ಕನ್ನಡ ನಾಡಿನ ಒಂದು ಊರೂ ಇತ್ತೆಂಬುದು ಇಂದು ಅನೇಕರಿಗೆ ತಿಳಿದಿಲ್ಲ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲಗಳನ್ನು ಹೊತ್ತು, ಒಂದೇ ಎಂಜಿನ್‌ನ ಪುಸ್ ಮೋತ್ ವಿಮಾನವನ್ನು ಏಕಾಂಗಿಯಾಗಿ ಮುಂಬಯಿಗೆ ತಂದರು. ಅಲ್ಲಿಂದ ಅವರ ಸಹವರ್ತಿ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಹಾರಿದರು.

ದಾರಿಯಲ್ಲಿ ಅಹಮದಾಬಾದಿನಲ್ಲಿ ಇಂಧನ ತುಂಬಿಸಬೇಕಿತ್ತು. ಅದು ಬಂದದ್ದು ಎತ್ತಿನ ಗಾಡಿಯಲ್ಲಿ, ಬರ್ಮಾ ಶೆಲ್ ಕಂಪನಿಯ ನಾಲ್ಕು ಗ್ಯಾಲನ್ ಡಬ್ಬಗಳಲ್ಲಿ. ಪೆಟ್ರೋಲಿಗಿಂತ ಭಾರವಾದ ನೀರು ಟ್ಯಾಂಕಿನ ತಳ ಸೇರುತ್ತದೆ. ಒಂದಿಷ್ಟು ನೀರು ಕಾರ್ಬುರೇಟರಿಗೆ ಹೋದರೂ ಎಂಜಿನ್ ಸ್ತಬ್ಧವಾಗಬಲ್ಲದು. ಆದ್ದರಿಂದಲೇ ಡಬ್ಬದ ಇಂಧನವನ್ನು ಮೆದು ಚರ್ಮದಲ್ಲಿ ಸೋಸಿ ಸುರಿಯುವುದು ಅಂದಿನ ಚಾಲಕರ ರೂಢಿಯಾಗಿತ್ತು. ಆಕಾಶದಲ್ಲಿ ಎಂಜಿನ್ ನಿಂತರೆ ಉಳಿಯುವುದು ತೇಲಿ ಇಳಿಯುವಷ್ಟು ಎತ್ತರ ಮತ್ತು ಕೆಳಗೊಂದು ಸಮತಟ್ಟಾದ ಹೊಲ ಮಾತ್ರ. ನವಲಗುಂದದ ಎರೆ ಹೊಲವನ್ನು ಮಳೆಗಾಲದಲ್ಲಿ ಕಂಡವರಿಗೆ, ಅಂಥ ನೆಲದಲ್ಲಿ ಗಾಲಿ ಹೂತು ಹೋಗುವ ಬಗೆಯನ್ನು ವಿವರಿಸಬೇಕಿಲ್ಲ. ಜುಹೂ ಮೈದಾನವೂ ಮಳೆಗಾಲದಲ್ಲಿ ಕೆಸರಾಗುತ್ತಿದ್ದುದರಿಂದ ಟಾಟಾ ಸೇವೆ ಆ ತಿಂಗಳುಗಳಲ್ಲಿ ಪುಣೆಗೆ ಸ್ಥಳಾಂತರಗೊಳ್ಳುತ್ತಿತ್ತು.

1904ರ ಜುಲೈ 29ರಂದು ಪ್ಯಾರಿಸ್‌ನಲ್ಲಿ ಜನಿಸಿದ ಜೆ.ಆರ್.ಡಿ., 1929ರ ಫೆಬ್ರುವರಿಯಲ್ಲಿ ಭಾರತದಲ್ಲಿ ನೀಡಲಾದ ಮೊದಲ ವಿಮಾನಚಾಲಕ ಪರವಾನಗಿ ಪಡೆದರು. ಮರುವರ್ಷವೇ ಇಂಗ್ಲೆಂಡ್ ಮತ್ತು ಭಾರತದ ನಡುವೆ ಏಕಾಂಗಿಯಾಗಿ ಹಾರುವ ಭಾರತೀಯನಿಗೆ ಆಗಾ ಖಾನ್ ಘೋಷಿಸಿದ್ದ 500 ಪೌಂಡ್ ಬಹುಮಾನಕ್ಕೆ ಸ್ಪರ್ಧಿಸಿದರು. ಕರಾಚಿಯಿಂದ ಹೊರಟು ಈಜಿಪ್ಟಿನ ಅಬೂಕೀರ್ ತಲುಪಿದಾಗ, ಎದುರು ದಿಕ್ಕಿನಿಂದ ಬಂದಿದ್ದ ಪ್ರತಿಸ್ಪರ್ಧಿ ಆಸ್ಪಿ ಎಂಜಿನಿಯರ್ ಸ್ಪಾರ್ಕ್ ಪ್ಲಗ್ ಇಲ್ಲದೆ ಅಲ್ಲೇ ಉಳಿದಿದ್ದರು. ಮಸಿ, ಎಣ್ಣೆ ಹಿಡಿದು ಪ್ಲಗ್ ಕೆಟ್ಟರೆ ಸಿಲಿಂಡರಿನಲ್ಲಿ ಕಿಡಿ ಹುಟ್ಟದು. ಬದಲಿ ಪ್ಲಗ್ ಇಲ್ಲದೆ ಮರುಭೂಮಿಯ ಮೇಲೆ ಹಾರುವುದು ದುಸ್ಸಾಹಸ. ಜೆ.ಆರ್.ಡಿ. ತಮ್ಮ ಬಳಿಯಿದ್ದ ಬದಲಿ ಪ್ಲಗ್‌ಗಳನ್ನು ಕೊಟ್ಟರು. ಆಸ್ಪಿ ಕೆಲವೇ ಗಂಟೆ ಮೊದಲು ಗುರಿ ಮುಟ್ಟಿ ಬಹುಮಾನ ಗೆದ್ದರು. ಮೊದಲೇ ತಲುಪಿದ್ದ ಮನಮೋಹನ್ ಸಿಂಗ್ ಅವರಿಗೆ ನಿಗದಿತ ಅವಧಿ ಮೀರಿದ್ದರಿಂದ ಬಹುಮಾನ ದಕ್ಕಲಿಲ್ಲ. ಆಸ್ಪಿ ಮುಂದೆ, 1960ರಲ್ಲಿ, ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು. ಆ ಪ್ಲಗ್‌ಗಳನ್ನು ಕೊಡದೆ ಮುಂದೆ ಸಾಗಿದ್ದರೂ ಜೆ.ಆರ್.ಡಿ. ಅವರನ್ನು ಯಾರೂ ದೂರುತ್ತಿರಲಿಲ್ಲ.

ಟಾಟಾ ಸೇವೆ 1946ರಲ್ಲಿ ಏರ್ ಇಂಡಿಯಾ ಆಯಿತು, 1953ರಲ್ಲಿ ರಾಷ್ಟ್ರೀಕರಣಗೊಂಡಿತು. 1978ರಲ್ಲಿ ಸರಕಾರ ಅವರನ್ನು ಅಧ್ಯಕ್ಷ ಸ್ಥಾನದಿಂದ ಕೆಳಗಿಳಿಸಿದ ರೀತಿ ಶೋಭೆ ತರುವಂಥದ್ದಾಗಿರಲಿಲ್ಲ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ 1988ರಲ್ಲಿ ಸ್ಥಾಪನೆಯಾದದ್ದೂ ಅವರ ಆಸಕ್ತಿಯಿಂದಲೇ.

ಮೊದಲ ಹಾರಾಟಕ್ಕೆ ಐವತ್ತು ವರ್ಷ ತುಂಬಿದ 1982ರ ಅಕ್ಟೋಬರ್ 15ರಂದು, 78ರ ವಯಸ್ಸಿನಲ್ಲಿ, ಅವರು ಲೆಪರ್ಡ್ ಮೋತ್ ವಿಮಾನದಲ್ಲಿ ಕರಾಚಿಯಿಂದ ಮುಂಬಯಿಗೆ ಮತ್ತೆ ಒಬ್ಬರೇ ಹಾರಿದರು. ಆ ವಿಮಾನಕ್ಕೂ ಇದ್ದದ್ದು ಒಂದೇ ಎಂಜಿನ್. 1992ರಲ್ಲಿ ಭಾರತರತ್ನ ಪಡೆದ ಅವರು 1993ರ ನವೆಂಬರ್ 29ರಂದು ಜಿನೀವಾದಲ್ಲಿ ನಿಧನರಾದರು.